ಕೈಯಕ್ಕ, ಕಾಲಕ್ಕ

ನಮ್ಮ ಬೀದಿಯಲ್ಲಿ ಅಕ್ಕನನ್ನು ಕೈಯಕ್ಕ ಅಂತಲೂ ನನ್ನನ್ನು ಕಾಲಕ್ಕ ಅಂತಲೂ ಕರೆಯುತ್ತಾರೆ. ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಕೈಗೆ ಸಿಕ್ಕಿದ್ದರೆ ಚೆನ್ನಾಗಿ ವಿಚಾರಿಸಿಕೊಳ್ಳುತ್ತಿದ್ದೆ. ಕೈಯಕ್ಕ ಅಂದರೆ ಕೇಳುವುದಕ್ಕೆ ಒಂದು ಮರ್ಯಾದೆ ಇದೆ. ಕಾಲಕ್ಕ ಅಂದರೆ ಏನು ಮಣ್ಣು? ಆದರೆ ಹೆಸರು ಸುಳ್ಳಲ್ಲ. ಅಕ್ಕನಿಗೆ ಆರು ವರ್ಷವಿದ್ದಾಗ ಬಂದ ಜ್ವರ ಹೋಗುವಾಗ ಅವಳ ಎರಡೂ ಕಾಲಿನ ಶಕ್ತಿಯನ್ನು ತೆಗೆದುಕೊಂಡು ಹೋಯಿತು. ನನ್ನ ಕಾಲು ಗಟ್ಟಿ, ಕೈ ಮಾತ್ರ ಹುಟ್ಟಿನಿಂದಲೇ ದಡ್ಡ. ನನಗೆ ಬಟ್ಟೆ ಕೊಟ್ಟರೆ ಸೀಮೆಸುಣ್ಣದ ಗೆರೆ ಒಂದು ಕಡೆ, ಹೊಲಿಗೆ ಇನ್ನೊಂದು ಕಡೆ. ಅಮ್ಮ ಸತ್ತ ಮೇಲೆ ಅವಳ ಕಾಲುಮಷೀನು ನಮ್ಮ ಪಾಲಿಗೆ ಬಂತು. ಒಬ್ಬಳಿಗೆ ಕೈಯಿತ್ತು, ಒಬ್ಬಳಿಗೆ ಕಾಲಿತ್ತು. ಇಬ್ಬರೂ ಸೇರಿ ಒಬ್ಬ ದರ್ಜಿಯಾದೆವು. ಹಾಗೆ ಮೂವತ್ತೊಂದು ವರ್ಷ ಹೊಲಿದೆವು.

ಅಮ್ಮನಿಗೂ ಆ ಮಷೀನು ಹಳೆಯದಾಗಿಯೇ ಸಿಕ್ಕಿದ್ದು. ಕಪ್ಪು ಮೈ, ಅದರ ಮೇಲೆ ಬಂಗಾರದ ಬಣ್ಣದ ಬಳ್ಳಿ. ಹೊಲಿಯುವವರ ಕೈ ಉಜ್ಜಿ ಉಜ್ಜಿ ಮುಂದಿನ ಬಳ್ಳಿ ಅಳಿಸಿಹೋಗಿ ಬರೀ ಕಪ್ಪು ಉಳಿದಿದೆ. ಕೆಳಗೆ ಬೀಡು ಕಬ್ಬಿಣದ ಕಾಲುಗಳು, ಜಾಲರಿಯ ಹಾಗಿರುವ ತುಳಿಯುವ ಹಲಗೆ, ದೊಡ್ಡ ಚಕ್ರ, ಚಕ್ರದಿಂದ ಮೇಲಕ್ಕೆ ಚರ್ಮದ ಬೆಲ್ಟು. ಈಗಿನ ಮಷೀನಿನಲ್ಲಿರುವ ದುಂಡು ಬಾಬಿನ್ ಇದಕ್ಕಿಲ್ಲ. ಪುಟ್ಟ ದೋಣಿಯಂಥ ಉಕ್ಕಿನ ಶಟಲ್ ಹಿಂದೆ ಮುಂದೆ ಓಡಾಡಿ ಕೆಳಗಿನ ದಾರ ಕೊಡುತ್ತದೆ. ಅಂಗಡಿಯವರು ಎಷ್ಟೋ ಸಲ ಬಂದು, ಹಳೇ ಕಾಲದ ಸಾಮಾನು, ಶೋಕಿಗೆ ಇಡುವವರಿದ್ದಾರೆ, ಕೊಡ್ತೀರಾ ಅಂತ ಕೇಳಿದ್ದರು. ಶೋಕಿಗೆ ನಿಮ್ಮಜ್ಜಿಯನ್ನು ಇಟ್ಟುಕೊಳ್ಳಿ ಅಂತ ಕಳಿಸಿದ್ದೆ.

ಇಬ್ಬರು ಒಂದೇ ಮಷೀನಿನಲ್ಲಿ ಹೊಲಿಯುವುದನ್ನು ನೋಡಲು ಹೊಸ ಗಿರಾಕಿಗಳು ಬಾಗಿಲಲ್ಲೇ ನಿಂತುಬಿಡುತ್ತಿದ್ದರು. ಎಲ್ಲರ ಮನೆಯಲ್ಲಿ ಮಷೀನು ಗೋಡೆಗೆ ತಾಗಿಕೊಂಡಿರುತ್ತದೆ. ನಮ್ಮದು ಕೋಣೆಯ ನಡುವೆ. ಈ ಕಡೆ ಗಾಲಿಕುರ್ಚಿಯಲ್ಲಿ ಅಕ್ಕ, ಆ ಕಡೆ ಮೋಟು ಸ್ಟೂಲಿನ ಮೇಲೆ ನಾನು, ಎದುರುಬದುರು. ನನ್ನ ಕಾಲು ಮೇಜಿನ ಕೆಳಗೆ ಚಾಚಿ ಹಲಗೆಯ ಮೇಲಿರುತ್ತದೆ. ಹಿಂದಿನಿಂದ ತುಳಿಯುವುದೆಂದರೆ ಎಲ್ಲವೂ ತಿರುಗುಮುರುಗು. ಬೇರೆಯವರ ಬೆರಳು ಒತ್ತುವ ಜಾಗದಲ್ಲಿ ನನ್ನ ಹಿಮ್ಮಡಿ ಒತ್ತಬೇಕು. ಚಕ್ರ ಒಂದೇ ಒಂದು ಸಲ ಹಿಂದಕ್ಕೆ ತಿರುಗಿತೋ, ದಾರ ಪಟ್ಟೆಂದು ತುಂಡಾಗಿ ಬಟ್ಟೆಯ ಕೆಳಗೆ ಗುಬ್ಬಿಗೂಡಿನಂಥ ಸಿಕ್ಕು. ಮೊದಲ ಆರು ತಿಂಗಳು ನಮ್ಮ ಮನೆಯಲ್ಲಿ ಹೊಲಿಗೆಗಿಂತ ಬೈಗುಳ ಜಾಸ್ತಿಯಿತ್ತು. ಎತ್ತು ಏರಿಗೆ, ಕೋಣ ನೀರಿಗೆ.

ಆಮೇಲೆ ಮಾತೇ ಬೇಡವಾಯಿತು. ಅಕ್ಕ ಬಲಗೈಯಿಂದ ಮೇಲಿನ ಕೈಚಕ್ರವನ್ನು ತನ್ನ ಕಡೆಗೆ ಒಂದು ಸುತ್ತು ಎಳೆಯುತ್ತಾಳೆ. ಆ ಸುತ್ತನ್ನು ನನ್ನ ಕಾಲು ಹಿಡಿದುಕೊಳ್ಳುತ್ತದೆ. ಕತ್ತಿನ ತಿರುವು ಬಂದರೆ ಅವಳ ಹುಬ್ಬು ಕೂಡುತ್ತದೆ, ನಾನು ನಿಧಾನಿಸುತ್ತೇನೆ. ಉದ್ದನೆಯ ಪರದೆಯಾದರೆ ಅವಳ ಮುಖ ಸಡಿಲವಾಗುತ್ತದೆ, ನಾನು ಓಡಿಸುತ್ತೇನೆ. ನಿಲ್ಲಿಸಬೇಕೆಂದರೆ ಅವಳು ಹಲ್ಲಿನ ನಡುವೆ ‘ಸ್’ ಅನ್ನುತ್ತಾಳೆ. ಅಷ್ಟೇ. ಆ ಸದ್ದು ಅವಳ ಬಾಯಿಂದ ಹೊರಡುವ ಮೊದಲೇ ನನ್ನ ಹಿಮ್ಮಡಿ ನಿಂತಿರುತ್ತಿತ್ತು ಅಂದರೆ ಜಂಬ ಅನ್ನಬೇಡಿ. ಮೂವತ್ತೊಂದು ವರ್ಷದಲ್ಲಿ ಅಕ್ಕನ ಬೆರಳಿಗೆ ಒಂದು ಸಲವೂ ಸೂಜಿ ತಾಗಿರಲಿಲ್ಲ. ಬೇರೆ ಯಾವ ದರ್ಜಿಯನ್ನಾದರೂ ಕೇಳಿ ನೋಡಿ, ಉಗುರು ತೂತಾಗದವರು ಸಿಗುವುದಿಲ್ಲ. ನನ್ನ ಜೀವನದಲ್ಲಿ ನಾನು ಹೆಮ್ಮೆಪಟ್ಟ ಸಂಗತಿ ಅದೊಂದೇ.

ಹಾಗಂತ ಅದನ್ನು ಬಾಯಿಬಿಟ್ಟು ಹೇಳಿದವಳಲ್ಲ. ಬಾಯಿಬಿಟ್ಟು ಹೇಳಿದ್ದೆಲ್ಲ ದೂರು. “ಅಯ್ಯೋ ನನ್ನ ಮಂಡಿ,” “ನಾನೇನು ಗಾಣದೆತ್ತಾ?”, “ನಿನ್ನ ಕಾಲಾಗಿ ಆಗಿ ನನ್ನ ಕಾಲೇ ಸವೆದುಹೋಯ್ತು ಕಣೇ.” ಬೆಳಿಗ್ಗೆ ಸ್ಟೂಲಿನ ಮೇಲೆ ಕೂರುವಾಗ ಒಂದು ಸಲ, ಏಳುವಾಗ ಒಂದು ಸಲ, ದಿನಕ್ಕೆ ಎರಡು ಹೊತ್ತು ಔಷಧಿಯ ಹಾಗೆ. ಪ್ರಾಯದಲ್ಲಿ ನನ್ನನ್ನು ನೋಡಲು ಇಬ್ಬರು ಬಂದಿದ್ದರು. ಇಬ್ಬರಿಗೂ “ನಾನು ಹೋದರೆ ಅಕ್ಕನ ಕಾಲು ಯಾರು?” ಅಂದು ಬೇಡ ಅಂದಿದ್ದೆ. ನಿಜ ಹೇಳಬೇಕೆಂದರೆ ಇಬ್ಬರೂ ನನಗೆ ಹಿಡಿಸಿರಲಿಲ್ಲ. ಅಕ್ಕನ ಹೆಸರು ಹೇಳಿದರೆ ಯಾರೂ ಮರುಮಾತಾಡುವುದಿಲ್ಲ ಅಂತ ಹೇಳಿದ್ದು. ಆದರೆ ಆ ಲೆಕ್ಕವನ್ನೂ ಅವಳ ತಲೆಗೇ ಕಟ್ಟಿ, ಸಿಟ್ಟು ಬಂದಾಗಲೆಲ್ಲ ಎತ್ತಿ ಆಡುತ್ತಿದ್ದೆ. ಅವಳು ತಲೆ ತಗ್ಗಿಸಿ ದಾರ ಪೋಣಿಸುತ್ತಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಅಮ್ಮ ಹೇಳುತ್ತಿದ್ದಳು. ಮುತ್ತು ನಮ್ಮ ಮನೆಯಲ್ಲಿ ಇರಲಿಲ್ಲ, ಮಾತನ್ನಾದರೂ ನೋಡಿಕೊಂಡು ಆಡಬಹುದಿತ್ತು.

ಹೋದ ವರ್ಷ ನಾನು ಪಕ್ಕದ ಮನೆಯಾಕೆಯ ಜೊತೆ ಬಾಗಿಲಲ್ಲಿ ನಿಂತು ಮಂಡಿ ತಿಕ್ಕಿಕೊಳ್ಳುತ್ತಾ, “ಇವಳಿಗೋಸ್ಕರ ತುಳಿದೂ ತುಳಿದೂ ನನ್ನ ಜನ್ಮ ಮುಗೀತು ನೋಡಿ,” ಅಂದೆ. ಅಂಥ ಮಾತು ನನಗೆ ಕೆಮ್ಮಿದಷ್ಟೇ ಸಲೀಸು. ಒಳಗೆ ಅಕ್ಕ ಕೇಳಿಸಿಕೊಂಡಿದ್ದಾಳೆ.

ಒಂದು ವಾರ ಕಳೆದ ಮೇಲೆ ಸ್ಕ್ರೂ ಮಾಮ ಬಂದ. ಅಮ್ಮನ ಕಾಲದಿಂದ ನಮ್ಮ ಮಷೀನು ನೋಡಿಕೊಳ್ಳುವ ಮೆಕ್ಯಾನಿಕ್ ಅವನು. ಎಲ್ಲಿ ಹೋದರೂ ಅಂಗಿ ಜೇಬಿನಲ್ಲಿ ಸ್ಕ್ರೂಗಳು ಗಲಗಲ ಅನ್ನುತ್ತವೆ, ಅದಕ್ಕೇ ಆ ಹೆಸರು. ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ.

“ಏನದು ಮಾಮ?”

“ನಿನ್ನ ಬಿಡುಗಡೆ,” ಅಂದ. “ಮೋಟರ್. ನಿಮ್ಮಕ್ಕ ತರಿಸಿದ್ದು.”

ನಾನು ಅಕ್ಕನ ಮುಖ ನೋಡಿದೆ. ಮಕ್ಕಳು ಏನೋ ಬಚ್ಚಿಟ್ಟು ಕೊಡುವಾಗ ನಗುತ್ತಾರಲ್ಲ, ಹಾಗೆ ನಗುತ್ತಿದ್ದಳು. “ಇನ್ನು ನಿನ್ನ ಮಂಡಿಗೆ ರಜಾ ಕಣೇ,” ಅಂದಳು. “ಎಷ್ಟು ವರ್ಷ ಅಂತ ತುಳೀತೀಯ?”

ಮೋಟರನ್ನು ಕಾಲಿನಿಂದ ಒತ್ತುವ ಪೆಡಲು ಅಕ್ಕನಿಗೆ ಆಗುವುದಿಲ್ಲವಲ್ಲ. ಸ್ಕ್ರೂ ಮಾಮ ಅದನ್ನು ಮೇಜಿನ ಬಲತುದಿಯಲ್ಲಿ ಒಂದು ಮರದ ತುಂಡಿಗೆ ಬಿಗಿದು, ಮೊಣಕೈಯಿಂದ ಒತ್ತುವ ಹಾಗೆ ಮಾಡಿಕೊಟ್ಟ. ಮೊಣಕೈ ಇಳಿಸಿದರೆ ಓಡುತ್ತದೆ, ಎತ್ತಿದರೆ ನಿಲ್ಲುತ್ತದೆ. ಮುದುಕನ ಬುದ್ಧಿ ಚುರುಕು, ಇಲ್ಲ ಅನ್ನುವುದಿಲ್ಲ. ಚರ್ಮದ ಬೆಲ್ಟು ಬಿಚ್ಚಿ ನನ್ನ ಕೈಗೆ ಕೊಟ್ಟ. ಆಮೇಲೆ, “ಎದುರಿಗೆ ಯಾರೂ ಕೂರಬೇಕಾಗಿಲ್ವಲ್ಲ, ಬೆಳಕಿಗೆ ಹಾಕೋಣ,” ಅಂದು ಮಷೀನನ್ನು ಕೋಣೆಯ ನಡುವಿನಿಂದ ತಳ್ಳಿ ಕಿಟಕಿಯ ಗೋಡೆಗೆ ತಾಗಿಸಿಬಿಟ್ಟ. ನನ್ನ ಸ್ಟೂಲು ಕೋಣೆಯ ನಡುವೆ ಒಂಟಿಯಾಗಿ ನಿಂತಿತ್ತು. ನಾನು ಅದನ್ನು ಅಡುಗೆಮನೆಗೆ ತೆಗೆದುಕೊಂಡು ಹೋದೆ.

ಅಕ್ಕ ಮೊದಲು ಹೊಲಿದದ್ದು ಒಂದು ಮಗುವಿನ ಫ್ರಾಕು, ಕತ್ತಿನ ಸುತ್ತ ನೆರಿಗೆ ಇರುವಂಥದ್ದು. ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ನೋಡುತ್ತಿದ್ದೆ. ಮೊದಮೊದಲು ಹೆದರಿ ಹೆದರಿ ಒತ್ತಿದಳು. ಆಮೇಲೆ ಬಿಟ್ಟಳು ನೋಡಿ. ತಿರುವಿನಲ್ಲಿ ನಿಧಾನ, ನೇರದಲ್ಲಿ ಜೋರು, ನಡುವೆ ಸುಮ್ಮನೆ ನಿಲ್ಲಿಸಿ ಕಿಟಕಿಯಾಚೆ ನೋಡಿ ಮತ್ತೆ ಶುರು. ಮುಗಿಸಿದ ಮೇಲೆ ಫ್ರಾಕನ್ನು ಎತ್ತಿ ಹಿಡಿದು ಒಬ್ಬಳೇ ನಕ್ಕಳು.

“ನೋಡೇ,” ಅಂದಳು, “ನನಗೆ ಬೇಕಾದಾಗ ನಿಲ್ಲಿಸಬಹುದು. ಬೇಕಾದಾಗ ಶುರು ಮಾಡಬಹುದು. ಯಾರನ್ನೂ ಕಾಯಬೇಕಾಗಿಲ್ಲ. ಇಷ್ಟು ವರ್ಷದಲ್ಲಿ ನಾನು ಒಬ್ಬಳೇ ಪೂರ್ತಿ ಮಾಡಿದ ಮೊದಲ ಬಟ್ಟೆ ಇದು ಗೊತ್ತಾ?”

“ಗೊತ್ತಿಲ್ಲದೆ ಏನು,” ಅಂದೆ. ಐವತ್ತೆಂಟು ವರ್ಷದ ಅಕ್ಕ ಮೊದಲ ಸಲ ಯಾರ ಹಂಗೂ ಇಲ್ಲದೆ ಒಂದು ಕೆಲಸ ಮಾಡಿದ್ದಳು, ಖುಷಿಪಡಬೇಕಾದವಳು ನಾನೇ. ನನಗೆ ಆದದ್ದು ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಚಂದದ ಹೆಸರಿಲ್ಲ.

ಆಮೇಲಿನ ದಿನಗಳು ನನಗೆ ಕಳೆಯಲಿಲ್ಲ. ಪಾತ್ರೆ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ. ಕುಳಿತರೆ ಕಾಲು ತಾನಾಗಿ ಆಡುತ್ತಿತ್ತು, ಊಟ ಮಾಡುವಾಗಲೂ ಹಿಮ್ಮಡಿ ಎದ್ದು ಬಿದ್ದು ಎದ್ದು ಬಿದ್ದು. ಮಂಡಿ ನೋವು? ಆಶ್ಚರ್ಯವೆಂದರೆ ಅದು ಹೆಚ್ಚಾಯಿತು. ಹತ್ತಿರದ ಮನೆಯವರು ಬಂದು, “ಕಾಲಕ್ಕ ಈಗ ಮಹಾರಾಣಿ!” ಅಂದರು. ಅಕ್ಕ ಬೆನ್ನು ಹಾಕಿ ಕಿಟಕಿಯ ಕಡೆ ಮುಖ ಮಾಡಿ ಹೊಲಿಯುತ್ತಿದ್ದಳು. ಮೂವತ್ತೊಂದು ವರ್ಷ ನೋಡಿದ ಮುಖದ ಬದಲು ಅವಳ ಜಡೆ ನೋಡುವುದಾಯಿತು. ನನಗೆ ಉಳಿದಿದ್ದ ಮಷೀನಿನ ಕೆಲಸ ಒಂದೇ, ವಾರಕ್ಕೊಮ್ಮೆ ಎಣ್ಣೆ ಬಿಡುವುದು. ಅಕ್ಕನಿಗೆ ಬಗ್ಗಲು ಆಗುವುದಿಲ್ಲ, ಅದಕ್ಕೆ.

ಇಲ್ಲಿಂದ ಮುಂದಿನದನ್ನು ಹೇಳಲು ನಾಲಗೆ ಏಳುವುದಿಲ್ಲ. ಆದರೂ ಹೇಳುತ್ತೇನೆ.

ಎಷ್ಟೋ ವರ್ಷದ ಹಿಂದೆ ಪಕ್ಕದ ಮನೆಯಾಕೆ ತನ್ನ ಮಷೀನಿಗೆ ಮಷೀನೆಣ್ಣೆ ಮುಗಿದಿತ್ತೆಂದು ಅಡುಗೆ ಎಣ್ಣೆ ಬಿಟ್ಟಿದ್ದಳು. ಹೊಲಿಯುವವರು ಯಾರೂ ಮಾಡದ ತಪ್ಪು ಅದು. ಅಡುಗೆ ಎಣ್ಣೆ ಮೊದಲು ನುಣ್ಣಗೆ ಓಡಿಸುತ್ತದೆ, ಆಮೇಲೆ ಒಣಗಿ ಗೋಂದಾಗುತ್ತದೆ. ಆಕೆಯ ಮಷೀನು ದಿನದಿನಕ್ಕೆ ಭಾರವಾಗಿ, ಕೊನೆಗೆ ತುಳಿಯಲಿಕ್ಕೇ ಆಗದೆ ನಿಂತಿತು. ಸ್ಕ್ರೂ ಮಾಮ ಬಾಯಿಗೆ ಬಂದ ಹಾಗೆ ಬೈದು, ಮೂರು ದಿನ ಸೀಮೆಎಣ್ಣೆ ಹಾಕಿ ತಿಕ್ಕಿದ. ಮಷೀನು ಮೊದಲಿನ ಹಾಗಾಯಿತು. ಯಾರಿಗೂ ಏನೂ ಆಗಲಿಲ್ಲ.

ನನ್ನ ತಲೆಯಲ್ಲಿದ್ದದ್ದು ಅದು. ಮಷೀನು ಮೆಲ್ಲಗೆ ಗಟ್ಟಿಯಾಗುತ್ತದೆ, ನಿಲ್ಲುತ್ತದೆ. ಮಾಮ ಬರುತ್ತಾನೆ. ಹಳೇ ಮಷೀನಿಗೆ ಮೋಟರ್ ಒಗ್ಗಲಿಲ್ಲ ಅಂತ ನಾನು ಹೇಳುತ್ತೇನೆ. ಮೋಟರ್ ಕಳಚುತ್ತಾನೆ, ತಿಕ್ಕುತ್ತಾನೆ, ಬೆಲ್ಟು ಹಾಕುತ್ತಾನೆ. ಅಷ್ಟೇ. ಒಂದು ಮಧ್ಯಾಹ್ನ ಅಕ್ಕ ಊಟವಾಗಿ ಮಲಗಿದ್ದಾಗ, ಉದ್ದ ಮೂತಿಯ ಎಣ್ಣೆಡಬ್ಬಿಯನ್ನು ಖಾಲಿ ಮಾಡಿ, ತೊಳೆದು, ಒಲೆಯ ಪಕ್ಕದ ಎಣ್ಣೆ ತುಂಬಿದೆ. ಪ್ರತಿ ವಾರ ಎಲ್ಲ ತೂತಿಗೂ ಬಿಟ್ಟೆ. ಶಟಲ್ ಓಡುವ ಜಾಗಕ್ಕೆ ಎರಡು ಹನಿ ಜಾಸ್ತಿ.

ಎರಡು ತಿಂಗಳಾಯಿತು. ಅಕ್ಕ ಒಂದು ದಿನ ಮೂಗು ಎಳೆದಳು. “ಯಾಕೋ ಮಷೀನಿಂದ ಅಡುಗೆಮನೆ ವಾಸನೆ ಬರ್ತಿದೆ ಕಣೇ.”

“ಒಲೆ ಮೇಲೆ ಬಾಣಲೆ ಇಟ್ಟಿದ್ದೆ,” ಅಂದೆ.

“ಸದ್ದೂ ಬೇರೆ ಥರ ಇದೆ. ಗೊರಗೊರ ಅನ್ನುತ್ತೆ.”

“ಮೋಟರ್ ಅಲ್ವಾ? ಅದು ಹಾಗೇ. ನನ್ನ ಕಾಲು ಎಂದಾದರೂ ಗೊರಗೊರ ಅಂದಿತ್ತಾ?”

ಅಕ್ಕ ನಕ್ಕಳು. “ನಿನ್ನ ಕಾಲು ಅನ್ನಲಿಲ್ಲ, ನಿನ್ನ ಬಾಯಿ ಅಂತಿತ್ತು.”

ಅದಾದ ಮೂರನೇ ದಿನ. ಬೆಳಿಗ್ಗೆ ಹತ್ತು ಗಂಟೆ ಇರಬಹುದು. ಅಕ್ಕ ಒಂದು ದಪ್ಪ ಕೋಟಿಗೆ ಜೇಬು ಹಾಕುತ್ತಿದ್ದಳು. ನಾನು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದೆ. ಒಳಗೆ ಮೋಟರ್ ಗುಂಯ್ ಅನ್ನುತ್ತಿತ್ತು, ಸೂಜಿಯ ಟಕಟಕ ಮಾತ್ರ ಇರಲಿಲ್ಲ. ನಿಂತಿತು, ಸದ್ಯ ನಿಂತಿತು ಅಂದುಕೊಂಡೆ. ಸಂತೋಷವಾಯಿತು. ಆ ಕ್ಷಣ ನನಗೆ ಸಂತೋಷವಾಯಿತು, ಅದನ್ನೂ ಹೇಳಿಬಿಡುತ್ತೇನೆ. ಬೇಕೆಂದೇ ಇನ್ನೊಂದು ಬಟ್ಟೆ ಹಿಂಡಿ, ಕೊಡವಿ, ಹಗ್ಗಕ್ಕೆ ಹಾಕಿದೆ.

ಆಗ ಅಕ್ಕ ಕೂಗಿದಳು.

ಆಮೇಲೆ ಅವಳೇ ಹೇಳಿದ್ದರಿಂದ ಏನಾಯಿತೆಂದು ಗೊತ್ತಾಯಿತು. ಮಷೀನು ಕಚ್ಚಿಕೊಂಡು ನಿಂತಾಗ ಅವಳು ಎಡಗೈಯಿಂದ ಬಟ್ಟೆಯನ್ನು ಸೂಜಿಯ ಕೆಳಗಿನಿಂದ ಬಿಡಿಸಲು ನೋಡಿದಳು. ಬಲಗೈ ತಾನಾಗಿ ಕೈಚಕ್ರಕ್ಕೆ ಹೋಯಿತು. ಮೂವತ್ತೊಂದು ವರ್ಷದ ಅಭ್ಯಾಸ, ನನ್ನ ಕಾಲಿಗೆ ಸೂಚನೆ ಕೊಡುತ್ತಿದ್ದ ಅದೇ ಒಂದು ಸುತ್ತು. ಕೈ ಚಾಚಿದಾಗ ಮೊಣಕೈ ಪೆಡಲಿನ ಮೇಲೆ ಪೂರ್ತಿ ಕೂತಿತು. ಚಕ್ರ ಎಳೆದ ರಭಸಕ್ಕೆ ಗೋಂದು ಬಿಟ್ಟುಕೊಂಡಿತು. ತಡೆದು ನಿಂತಿದ್ದ ಮೋಟರ್ ಒಮ್ಮೆಲೇ ಓಡಿತು. ಅವಳು ‘ಸ್’ ಅಂದಳಂತೆ. ಮೋಟರ್‌ಗೆ ಅದೇನು ಗೊತ್ತು? ಎದುರಿಗೆ ಕಿಟಕಿ ಇತ್ತು, ನಾನಿರಲಿಲ್ಲ.

ನಾನು ಓಡಿ ಬಂದಾಗ ಅವಳ ಎಡಗೈಯ ತೋರುಬೆರಳು ಸೂಜಿಯ ಕೆಳಗಿತ್ತು. ಸೂಜಿ ಉಗುರಿನಿಂದ ಇಳಿದು, ಗೆಣ್ಣಿನ ಹತ್ತಿರ ಇನ್ನೊಂದು ಸಲ ಇಳಿದು, ಅಲ್ಲೇ ಮುರಿದಿತ್ತು. ಕೋಟಿನ ಬಟ್ಟೆ ಕಪ್ಪು, ಅದರಲ್ಲಿ ರಕ್ತ ಕಾಣಿಸುತ್ತಿರಲಿಲ್ಲ, ಬರೀ ಒದ್ದೆ ಕಾಣಿಸುತ್ತಿತ್ತು. ನಾನು ಮೋಟರಿನ ವೈರು ಕಿತ್ತೆ. ಅಕ್ಕ ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತಾ, “ನೀನು ಎದುರಿಗಿಲ್ಲ ಅನ್ನೋದು ಮರೆತುಹೋಯ್ತು ಕಣೇ,” ಅಂದಳು.

ಡಾಕ್ಟರು ಸೂಜಿಯ ತುಂಡು ತೆಗೆದರು. ತುದಿಯ ಚೂರು ಮೂಳೆಯಲ್ಲಿ ಉಳಿದಿತ್ತೋ ಏನೋ, ಕೀವಾಯಿತು. ಮತ್ತೆ ಕುಯ್ದರು. ಎರಡು ತಿಂಗಳಿಗೆ ಗಾಯ ಮಾಯಿತು, ಬೆರಳು ಮಾತ್ರ ಮಡಚದೆ ನೆಟ್ಟಗೆ ನಿಂತುಬಿಟ್ಟಿತು. ಬಟ್ಟೆಯನ್ನು ಸೂಜಿಯ ಬಾಯಿಗೆ ದಾರಿ ತೋರಿಸಿಕೊಂಡು ಹೋಗುವ ಬೆರಳೇ ಅದು.

ಅಕ್ಕ ಹಾಸಿಗೆಯಲ್ಲಿದ್ದಾಗ ಸ್ಕ್ರೂ ಮಾಮನನ್ನು ಕರೆಸಿದೆ. ಅವನು ಮಷೀನಿನ ತಲೆಯನ್ನು ಹಿಂದಕ್ಕೆ ಮಗುಚಿ, ಬೆರಳಿಂದ ಒಳಗೆ ಸವರಿ, ಮೂಗಿನ ಹತ್ತಿರ ಹಿಡಿದ. ಆಮೇಲೆ ನನ್ನನ್ನು ನೋಡಿದ.

“ಡಬ್ಬಿ ಅದಲುಬದಲಾಗಿರಬೇಕು ಮಾಮ,” ಅಂದೆ.

“ಎಷ್ಟು ವಾರ ಅದಲುಬದಲಾಯ್ತು?”

ನಾನು ಎಣ್ಣೆಡಬ್ಬಿಯನ್ನು ಎತ್ತಿ ಗೂಡಿನಲ್ಲಿಟ್ಟೆ.

“ಬರೀ ಗಟ್ಟಿಯಾಗಿ ನಿಲ್ಲುತ್ತೆ ಅಂದ್ಕೊಂಡಿದ್ದೆ,” ಅಂದೆ. “ಪಕ್ಕದ ಮನೇದು ಹಾಗೇ ನಿಂತಿತ್ತಲ್ಲ.”

“ಅವರ ಮನೇದು ಕಾಲಲ್ಲಿ ತುಳಿಯೋ ಮಷೀನಮ್ಮಾ.” ಅವನು ದನಿ ತಗ್ಗಿಸಿದ. ಅಕ್ಕನ ಕೋಣೆಯ ಬಾಗಿಲು ತೆರೆದೇ ಇತ್ತು. “ಒಂಚೂರು ಬಿಗಿಯಾದರೆ ಕಾಲಿಗೆ ಗೊತ್ತಾಗುತ್ತೆ. ತುಳಿಯೋರು ನಿಲ್ಲಿಸ್ತಾರೆ. ಮೋಟರ್‌ಗೆ ಏನು ಗೊತ್ತಾಗುತ್ತೆ? ಅದು ತಳ್ಳುತ್ತೆ, ತಳ್ಳುತ್ತಾನೇ ಇರುತ್ತೆ. ಇಷ್ಟು ವರ್ಷ ತುಳಿದಿದೀಯ, ನಿನಗೆ ಇದು ಹೊಳೀಲಿಲ್ವಾ?”

ಹೊಳೆದಿರಲಿಲ್ಲ. ಎಲ್ಲವನ್ನೂ ನನ್ನ ಕಾಲಿನಿಂದಲೇ ಅಳೆದಿದ್ದೆ. ಯಾವುದು ತಳ್ಳಿದರೂ ಅದಕ್ಕೆ ನನ್ನ ಹಿಮ್ಮಡಿಯ ಬುದ್ಧಿ ಇರುತ್ತದೆ ಅಂದುಕೊಂಡಿದ್ದೆ. ಮಷೀನೇ ಮುಟ್ಟದ ಹೆಂಗಸಿಗಾದರೆ ಇಷ್ಟು ಧೈರ್ಯ ಬರುತ್ತಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮಾಮ ಎದ್ದು ನಿಂತು, ಒಳಗಿನ ಕೋಣೆಗೆ ಕೇಳುವ ಹಾಗೆ ಜೋರಾಗಿ, “ಹಳೇ ಮಷೀನು ಕಣ್ರಮ್ಮಾ, ಮೋಟರ್ ತಡ್ಕೊಳ್ಳಲಿಲ್ಲ!” ಅಂದ. ಆ ಸುಳ್ಳನ್ನು ನನಗಾಗಿ ಹೇಳಿದನೋ ಅಕ್ಕನಿಗಾಗಿ ಹೇಳಿದನೋ ತಿಳಿಯದು. ಅವನು ಆಮೇಲೆ ನನ್ನ ಜೊತೆ ಬೇಕಾದಷ್ಟೇ ಮಾತಾಡಿದ. ಮೂರು ದಿನ ಸೀಮೆಎಣ್ಣೆ ಹಾಕಿ ತಿಕ್ಕಿದ, ಮೋಟರ್ ಕಳಚಿ ರಟ್ಟಿನ ಪೆಟ್ಟಿಗೆಗೆ ತುಂಬಿದ, ಚರ್ಮದ ಬೆಲ್ಟು ಹಾಕಿದ. ಹೊಸ ಮಷೀನೆಣ್ಣೆ ತಂದು ತಾನೇ ಬಿಟ್ಟ. ಹೋಗುವಾಗ ಮಷೀನನ್ನು ಕಿಟಕಿಯಿಂದ ಎಳೆದು ಕೋಣೆಯ ನಡುವೆ, ಮೊದಲಿದ್ದ ಜಾಗದಲ್ಲೇ ಇಟ್ಟ. ನೆಲದಲ್ಲಿ ಕಬ್ಬಿಣದ ಕಾಲು ಕೂತಿದ್ದ ನಾಲ್ಕು ಗುಳಿಗಳು ಇದ್ದವು, ಅದೇ ಗುಳಿಯಲ್ಲಿ ಕೂತಿತು.

ನಾನು ಅಂದುಕೊಂಡ ಹಾಗೆಯೇ ಎಲ್ಲ ಆಗಿತ್ತು. ಮೋಟರ್ ಹೋಗಿತ್ತು, ಬೆಲ್ಟು ಬಂದಿತ್ತು, ನನ್ನ ಸ್ಟೂಲು ಅಡುಗೆಮನೆಯಿಂದ ಎದ್ದು ತನ್ನ ಜಾಗಕ್ಕೆ ಬಂದಿತ್ತು. ಒಂದು ಬೆಳಿಗ್ಗೆ ಅಕ್ಕನನ್ನು ಗಾಲಿಕುರ್ಚಿಯಲ್ಲಿ ಮಷೀನಿನ ಮುಂದೆ ತಂದು ನಿಲ್ಲಿಸಿದೆ. ಒಂದು ಹಳೆಯ ದಿಂಬಿನ ಚೀಲ ಕೊಟ್ಟೆ, ಕಣ್ಣುಮುಚ್ಚಿ ಹೊಲಿಯುವಂಥದ್ದು. ನಾನು ಎದುರಿಗೆ ಕೂತು ಹಲಗೆಯ ಮೇಲೆ ಕಾಲಿಟ್ಟೆ. ಅಕ್ಕ ಬಲಗೈಯನ್ನು ಕೈಚಕ್ರದ ಮೇಲಿಟ್ಟಳು. ಒಂದು ಸುತ್ತು ಎಳೆದಳು. ನನ್ನ ಕಾಲು ಹಿಡಿದುಕೊಂಡಿತು, ಸೂಜಿ ಇಳಿಯಿತು, ಎದ್ದಿತು, ಇಳಿಯಿತು.

‘ಸ್.’

ನಿಲ್ಲಿಸಿದೆ. ಅವಳ ಎರಡು ಕೈಯೂ ಬಟ್ಟೆ ಬಿಟ್ಟು ಎದೆಯ ಹತ್ತಿರ ಬಂದಿದ್ದವು. ಹಣೆಯಲ್ಲಿ ಬೆವರು. ಮತ್ತೆ ನೋಡೋಣ ಅಂದಳು, ಮತ್ತೆ ನಾಲ್ಕು ಹೊಲಿಗೆ, ಮತ್ತೆ ‘ಸ್’. ಹೀಗೆ ಎಂಟೋ ಹತ್ತೋ ಸಲ. ಕೊನೆಗೆ ಕೈಯನ್ನು ಮಡಿಲಲ್ಲಿಟ್ಟುಕೊಂಡು, “ಸೂಜಿ ಇಳಿಯೋದು ನೋಡಿದ್ರೆ ನನ್ನ ಕೈ ಹಿಂದಕ್ಕೆ ಬರುತ್ತೆ ಕಣೇ. ನಾನು ಹೇಳಿದ ಹಾಗೆ ಕೇಳ್ತಿಲ್ಲ,” ಅಂದಳು. ಒಂದು ವಾರ ಬಿಟ್ಟು ನೋಡಿದೆವು, ಒಂದು ತಿಂಗಳು ಬಿಟ್ಟು ನೋಡಿದೆವು. ಹಾಗೇ. ಪಕ್ಕದ ಮನೆಯಾಕೆ ಬಂದವಳು ಹೊಳೆಯುವ ಮಷೀನನ್ನೂ ಖಾಲಿ ಕೂತ ನಮ್ಮನ್ನೂ ನೋಡಿ, “ಕಡಲೆ ಇದ್ದಾಗ ಹಲ್ಲಿಲ್ಲ ಅನ್ನೋ ಹಾಗಾಯ್ತು,” ಅಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದಳು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಈಗೀಗ ಯಾರ ಮೇಲೂ ಬರುವುದಿಲ್ಲ, ಎಲ್ಲ ಸಿಟ್ಟೂ ಒಬ್ಬಳ ಮೇಲೇ ಖರ್ಚಾಗುತ್ತದೆ.

ನಾನೇ ಕೈ ಕಾಲು ಎರಡೂ ಆಗಿ ಹೊಲಿಯಲು ನೋಡಿದೆ. ಅಕ್ಕ ಪಕ್ಕದಲ್ಲಿ ಕೂತು ಹೇಳಿಕೊಟ್ಟಳು. ಮುಂದಿನಿಂದ ತುಳಿಯಲು ಹೋದರೆ ಚಕ್ರ ಹಿಂದಕ್ಕೆ ತಿರುಗುತ್ತದೆ, ದಾರ ತುಂಡಾಗುತ್ತದೆ. ನನ್ನ ಕಾಲಿಗೆ ಹಿಂದಿನಿಂದ ತುಳಿಯುವುದು ಮಾತ್ರ ಗೊತ್ತು. ಅದೂ ಎದುರಿಗೆ ಅವಳಿದ್ದರೆ ಮಾತ್ರ.

ಗಿರಾಕಿಗಳು ಒಬ್ಬೊಬ್ಬರಾಗಿ ಬಿಟ್ಟರು. ಈಗ ದೊಡ್ಡ ಬೀದಿಯ ದರ್ಜಿಯೊಬ್ಬ ಗುಂಡಿಯ ತೂತಿಗೆ ಕಾಜಾ ಕಟ್ಟಿ ಗುಂಡಿ ಹಾಕುವ ಕೆಲಸ ಕಳಿಸುತ್ತಾನೆ. ಅದು ಕೈಸೂಜಿಯ ಕೆಲಸ. ನಿಧಾನವಾಗಿ ಹೋಗುವ ಸೂಜಿಗೆ ಅಕ್ಕನ ಕೈ ಹೆದರುವುದಿಲ್ಲ. ಬಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ನೆಟ್ಟಗಿನ ಬೆರಳನ್ನು ಪಕ್ಕಕ್ಕೆ ಎತ್ತಿ ಹಿಡಿದು, ಒಂದೊಂದೇ ಕಾಜಾ ಕಟ್ಟುತ್ತಾಳೆ. ಮನೆಯಲ್ಲಿ ಸದ್ದೇ ಇಲ್ಲ. ಗೋಡೆಯಾಚೆ ಯಾರೋ ಸೀನಿದರೂ ಕೇಳಿಸುತ್ತದೆ.

ನಿನ್ನೆ ಮಧ್ಯಾಹ್ನ ಅವಳು ಒಂದೇ ಕಾಜಾವನ್ನು ಮೂರು ಸಲ ಬಿಚ್ಚಿದಳು. ನಾನು ಎದುರಿಗೆ ನೆಲದ ಮೇಲೆ ಕೂತು ಗುಂಡಿಗಳನ್ನು ಬಣ್ಣದ ಪ್ರಕಾರ ಆರಿಸುತ್ತಿದ್ದೆ.

“ಕೈ ಓಡ್ತಿಲ್ಲ ಕಣೇ,” ಅಂದಳು. “ಬಂದು ಒಂಚೂರು ತುಳಿ.”

“ಏನನ್ನ?”

“ಮಷೀನನ್ನೇ. ಸೂಜಿ ತೆಗೆದಿಡು. ಸುಮ್ಮನೆ ತುಳಿ. ಆ ಸದ್ದಿಲ್ಲದೆ ಒಂದು ಹೊಲಿಗೆಗೂ ಇನ್ನೊಂದು ಹೊಲಿಗೆಗೂ ಎಷ್ಟು ದೂರ ಅಂತ ಗೊತ್ತಾಗ್ತಿಲ್ಲ.”

ಸೂಜಿ ಬಿಚ್ಚಿ ಡಬ್ಬಿಗೆ ಹಾಕಿದೆ. ದಾರ ತೆಗೆದೆ, ಶಟಲ್ ತೆಗೆದೆ. ಸ್ಟೂಲಿನ ಮೇಲೆ ಕೂತೆ. ಕೈಚಕ್ರ ಎಳೆಯಲು ಅವಳು ಹತ್ತಿರವಿರಲಿಲ್ಲ, ನಾನೇ ಬಗ್ಗಿ ಎಳೆದುಕೊಂಡೆ. ದೊಡ್ಡ ಚಕ್ರ ತಿರುಗಿತು. ಬರೀ ಗಾಳಿಯನ್ನು ಹೊಲಿಯುತ್ತಾ ಮಷೀನು ಓಡಿತು. ಅಕ್ಕ ತಲೆ ತಗ್ಗಿಸಿ ಸೂಜಿ ಚುಚ್ಚಿದಳು, ಎಳೆದಳು, ಚುಚ್ಚಿದಳು. ಅವಳ ಹುಬ್ಬು ಕೂಡಿದಾಗ ನಾನು ನಿಧಾನಿಸಿದೆ. ಮುಖ ಸಡಿಲವಾದಾಗ ಓಡಿಸಿದೆ. ಎಷ್ಟೋ ತಿಂಗಳ ಮೇಲೆ ನನ್ನ ಮಂಡಿಯ ನೋವು ಇಲ್ಲವಾಯಿತು. ಅಯ್ಯೋ, ಇಷ್ಟಕ್ಕಾಗಿಯೇ ಅಲ್ಲವೇ ನಾನು ಅದನ್ನೆಲ್ಲ ಮಾಡಿದ್ದು ಅಂತ ಅಳು ಒತ್ತರಿಸಿ ಬಂತು.

ತುಳಿಯುವ ಹಲಗೆಯ ಕೀಲು ಕಿರ್ ಅನ್ನುತ್ತಿತ್ತು. ಪ್ರತಿ ಸಲ ಹಿಮ್ಮಡಿ ಇಳಿದಾಗಲೂ ಕಿರ್. ಎಷ್ಟೋ ತಿಂಗಳಿಂದ ಅದಕ್ಕೆ ಎಣ್ಣೆ ಬಿದ್ದಿರಲಿಲ್ಲ. ಅಭ್ಯಾಸಬಲ, ಮೇಲೆದ್ದು ಗೂಡಿನಲ್ಲಿದ್ದ ಎಣ್ಣೆಡಬ್ಬಿಗೆ ಕೈಹಾಕಿದೆ.

“ಎಣ್ಣೆ ಬೇಡ,” ಅಂದಳು ಅಕ್ಕ.

ನಾನು ತಿರುಗಿ ನೋಡಿದೆ. ಅವಳು ಕಾಜಾದಿಂದ ಕಣ್ಣು ಎತ್ತಿರಲಿಲ್ಲ. ದನಿಯಲ್ಲಿ ಸಿಟ್ಟಿರಲಿಲ್ಲ, ಬಾಗಿಲು ಹಾಕು ಅನ್ನುವಾಗ ಇರುವಷ್ಟೇ ದನಿ.

“ಕಿರ್ ಅನ್ನುತ್ತೆ ಅಕ್ಕಾ,” ಅಂದೆ.

“ಅನ್ನಲಿ. ನೀನು ಎಣ್ಣೆ ಹಾಕಬೇಡ.”

ಡಬ್ಬಿಯನ್ನು ಗೂಡಿನಲ್ಲೇ ಬಿಟ್ಟೆ. ಯಾವಾಗಿಂದ ಗೊತ್ತು ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ. ವಾಪಸು ಬಂದು ಸ್ಟೂಲಿನ ಮೇಲೆ ಕೂತೆ. ಅಕ್ಕ ಸೂಜಿ ಹಿಡಿದು ಕಾಯುತ್ತಿದ್ದಳು. ನಾನು ತುಳಿಯಲು ಶುರು ಮಾಡಿದೆ.